ಇನ್‌ಸ್ಪೆಕ್ಟರು ತಂದ ಹಾಡು

ಶಾಲೆಗೆ ಇನ್‌ಸ್ಪೆಕ್ಟರು ಬರುತ್ತಾರೆಂಬ ಸುದ್ದಿ ಸಿಕ್ಕರೆ ನೂರು ವರ್ಷಗಳ ಹಿಂದೆ ಹಳ್ಳಿಯ ಮಾಸ್ತರರಿಗೆ ಊಟ ಸೇರುತ್ತಿರಲಿಲ್ಲ. ಮದ್ರಾಸು ಪ್ರಾಂತ್ಯದಲ್ಲಂತೂ ಎಷ್ಟು ಮಕ್ಕಳು ಪಾಸಾದರು ಎಂಬುದನ್ನು ನೋಡಿಕೊಂಡೇ ಖಾಸಗಿ ಶಾಲೆಗಳಿಗೆ ಅನುದಾನ ಕೊಡುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲಿ ಬಹಳ ಕಾಲ ನಡೆದಿತ್ತು. ಪರೀಕ್ಷೆ ಮಾಡುವವರು ಇನ್‌ಸ್ಪೆಕ್ಟರು. ಮಗು ಬಾಯಿಪಾಠ ತಪ್ಪಿತೋ, ಕತ್ತರಿ ಬೀಳುತ್ತಿದ್ದುದು ಮಾಸ್ತರರ ಸಂಬಳಕ್ಕೆ. ಆ ಪದ್ಧತಿ ಹೋದ ಮೇಲೂ ಅದು ಹುಟ್ಟಿಸಿದ ಹೆದರಿಕೆ ಹೋಗಲಿಲ್ಲ. ಅಂಥ ಇಲಾಖೆಯೊಳಗೇ ಇದ್ದುಕೊಂಡು, ತನಿಖೆಗೆಂದು ಬಂದು ಮಕ್ಕಳಿಗೆ ಕತೆ ಹೇಳಿ ಹಾಡು ಕಲಿಸಿ ಹೋಗುವ ಒಬ್ಬ ಇನ್‌ಸ್ಪೆಕ್ಟರು ದಕ್ಷಿಣ ಕನ್ನಡದಲ್ಲಿ ಇದ್ದರು. ಅವರೇ ಪಂಜೆ ಮಂಗೇಶರಾಯರು.

1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆಯವರು ಮಂಗಳೂರಿನಲ್ಲಿ ಪಾಠ ಹೇಳಿ, ಆಮೇಲೆ ಶಾಲಾ ತನಿಖೆಯ ಕೆಲಸಕ್ಕೆ ಬಂದವರು. ಮುಂದೆ ಮಡಿಕೇರಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದಾಗ ಕೊಡಗಿನ ಮೇಲೆ ಬರೆದ ‘ಹುತ್ತರಿ ಹಾಡು’ ಇವತ್ತಿಗೂ ಅಲ್ಲಿಯವರ ಬಾಯಲ್ಲಿದೆ. ಜಿಲ್ಲೆ ಸುತ್ತಿದ ಅವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರಲು ಸಾಧ್ಯವಿರಲಿಲ್ಲ. ಅಲ್ಲಿನ ಶಾಲೆಗಳಲ್ಲಿ ಸಾಲಾಗಿ ಕುಳಿತ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ತುಳು, ಕೊಂಕಣಿ, ಬ್ಯಾರಿ. ಕನ್ನಡ ಪುಸ್ತಕದ ಭಾಷೆ. ಪಂಜೆಯವರ ಮನೆಮಾತೂ ಕೊಂಕಣಿಯೇ. ಮನೆಯಲ್ಲಿ ಕೇಳದ ಮಾತನ್ನು ಅರ್ಥ ಹೇಳಿ ಕಲಿಸ ಹೊರಟರೆ ಮಗು ತೂಕಡಿಸುತ್ತದೆ, ಸದ್ದಿನಿಂದ ಕಲಿಸಿದರೆ ಎದ್ದು ಕುಣಿಯುತ್ತದೆ. ‘ನಾಗರಹಾವೆ’, ‘ತೆಂಕಣ ಗಾಳಿಯಾಟ’ದಂಥ ಪದ್ಯಗಳನ್ನು ಕಣ್ಣಿನಿಂದ ಓದುವುದಕ್ಕಿಂತ ಗಟ್ಟಿಯಾಗಿ ಹೇಳಿಕೊಂಡರೆ ಅವು ಯಾರಿಗಾಗಿ ಹುಟ್ಟಿದವು ಎಂಬುದು ತಿಳಿಯುತ್ತದೆ. ಗಾಳಿ ಬೀಸುವುದು, ಹಾವು ಹೆಡೆಯಾಡಿಸುವುದು ಎಲ್ಲವೂ ನಾಲಗೆಯ ಮೇಲೆಯೇ ನಡೆಯುತ್ತದೆ. ಕನ್ನಡದ ಶಿಶುಸಾಹಿತ್ಯಕ್ಕೆ ನಾದದ ಚಟ ಅಂಟಿದ್ದಕ್ಕೆ ಕರಾವಳಿಯ ಈ ಬಹುಭಾಷೆಯ ತರಗತಿಯೂ ಒಂದು ಕಾರಣವೆಂದರೆ ಅತಿಶಯೋಕ್ತಿಯಾಗದು.

ಪಂಜೆಯವರಿಗೆ ಮೊದಲು ಶಾಲೆಯಲ್ಲಿ ಹಾಡು ಇರಲೇ ಇಲ್ಲ ಎನ್ನುವಂತಿಲ್ಲ. ಹಳೆಯ ಐಗಳ ಮಠಗಳಲ್ಲಿ, ಮೈಸೂರು ಸೀಮೆಯವರು ಕೂಲಿಮಠವೆನ್ನುವ ಶಾಲೆಗಳಲ್ಲಿ, ಮಗು ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತಿದ್ದುತ್ತಿತ್ತು. ಆಮೇಲೆ ಮಗ್ಗಿ. ಬರೀ ಎರಡೊಂದ್ಲೆ ಎರಡು ಅಲ್ಲ, ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳೂ ಬಾಯಿಗೆ ಬರಬೇಕಿತ್ತು. ಅದಾದ ಮೇಲೆ ಅಮರಕೋಶ, ಜೈಮಿನಿ ಭಾರತ. ತಪ್ಪಿದವನಿಗೆ ಕೋದಂಡ: ಮೇಲಿನಿಂದ ಇಳಿಬಿಟ್ಟ ಹಗ್ಗ ಹಿಡಿದು ನೇತಾಡುವ ಶಿಕ್ಷೆ. ವರ್ಷಪೂರ್ತಿ ಹೀಗೆ ಕಳೆದ ಮಕ್ಕಳಿಗೆ ನವರಾತ್ರಿಯಲ್ಲಿ ಮಾತ್ರ ಮಠದ ಬಾಗಿಲು ತೆರೆಯುತ್ತಿತ್ತು. ಐಗಳು ಮಕ್ಕಳನ್ನು ಕಟ್ಟಿಕೊಂಡು, ಹೂ ಸುತ್ತಿದ ಕೋಲುಗಳನ್ನು ಅವರ ಕೈಗೆ ಕೊಟ್ಟು ಮನೆ ಮನೆಗೆ ಹೋಗುತ್ತಿದ್ದರು. ಮಕ್ಕಳು ಚೌಪದಿ ಹಾಡಿ ಮನೆಯವರನ್ನು ಹರಸುತ್ತಿದ್ದರು, ಮನೆಯವರು ಕಾಣಿಕೆ ಕೊಡುತ್ತಿದ್ದರು, ಕಾಣಿಕೆ ಐಗಳಿಗೆ ಸೇರುತ್ತಿತ್ತು. ಕರಾವಳಿಯಲ್ಲಿ ಇದಕ್ಕೆ ಹೂವಿನಕೋಲು ಎಂದು ಹೆಸರು. ಮಕ್ಕಳ ಕಲೆಗೂ ಮಾಸ್ತರರ ವರಮಾನಕ್ಕೂ ಇದ್ದ ಈ ನಂಟನ್ನು ಇಷ್ಟು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ ಏರ್ಪಾಡು ಆಮೇಲೆ ಬರಲಿಲ್ಲ.

ಹೂವಿನಕೋಲಿನಿಂದ ಇಂದಿನ ಬೇಸಿಗೆ ಶಿಬಿರದವರೆಗಿನ ಕತೆಯಲ್ಲಿ ಒಂದು ಎಳೆ ತುಂಡಾಗದೆ ಬಂದಿದೆ. ಮಗು ತಾನಾಗಿ ಏನಾದರೂ ಮಾಡುವುದಕ್ಕೆ ಕನ್ನಡದ ಶಾಲೆಗಳಲ್ಲಿ ಜಾಗ ಸಿಕ್ಕಿದ್ದು ಬಹುಮಟ್ಟಿಗೆ ವೇಳಾಪಟ್ಟಿಯ ಹೊರಗೆ: ಹಬ್ಬದಲ್ಲಿ, ಸಂಜೆಯಲ್ಲಿ, ರಜೆಯಲ್ಲಿ, ಅಥವಾ ಪಂಜೆಯವರಂಥ ಸಾಹೇಬರು ಬಂದ ದಿನ.

ಪಂಜೆಯವರು ಮಂಗಳೂರಿನಲ್ಲಿ ಗೆಳೆಯರನ್ನು ಕೂಡಿಸಿಕೊಂಡು ಬಾಲಸಾಹಿತ್ಯ ಮಂಡಲ ಕಟ್ಟಿ ಮಕ್ಕಳಿಗಾಗಿ ಪುಟ್ಟ ಪುಸ್ತಕಗಳನ್ನು ಹೊರತಂದರು. ಬ್ರೌನಿಂಗನ ಇಲಿ ಹಿಡಿಯುವವನ ಕತೆ ಅವರ ಕೈಯಲ್ಲಿ ‘ಇಲಿಗಳ ಥಕಥೈ’ ಆಯಿತು. ಅದೇ ಕತೆ ಮೈಸೂರಿನಲ್ಲಿ ಕುವೆಂಪು ಕೈಗೆ ಸಿಕ್ಕಿ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಯಿತು. ಜರ್ಮನಿಯ ಊರೊಂದರ ಇಲಿಗಳು ಇಂಗ್ಲಿಷ್ ಪದ್ಯ ದಾಟಿ ಎರಡು ಸಲ ಕನ್ನಡಕ್ಕೆ ಬಂದು, ಎರಡು ಸಲವೂ ಇಲ್ಲಿನ ಗ್ರಾಮಸ್ಥರ ಮನೆಯ ಅಟ್ಟ ಏರಿದವು. ಬೆಂಗಳೂರಿನಲ್ಲಿ ಜಿ.ಪಿ. ರಾಜರತ್ನಂ ಚಿಕ್ಕ ಮಕ್ಕಳಿಗೆ ಪಾಠ ಹೇಳುವಾಗ ಪಠ್ಯದಲ್ಲಿದ್ದ ಪದ್ಯಗಳು ಮಕ್ಕಳ ನಾಲಗೆಗೆ ಹತ್ತದ್ದು ಕಂಡು ತಾವೇ ಬರೆಯತೊಡಗಿದರು. ‘ತುತ್ತೂರಿ’ ಹಾಗೆ ಬಂದ ಪುಸ್ತಕ. ಮೂವರೂ ಮೇಷ್ಟರು ಎಂಬುದನ್ನು ಮರೆಯಬಾರದು. ಕನ್ನಡದ ಮಕ್ಕಳ ಸಾಹಿತ್ಯ ತರಗತಿಯ ಬೇಸರಕ್ಕೆ ಮೇಷ್ಟರುಗಳೇ ಅರೆದ ಮದ್ದು.

ಆದರೂ ಇಲ್ಲಿ ಮಗುವಿನ ಪಾತ್ರ ಹಾಡುವುದಷ್ಟೇ. ಕಟ್ಟಿದವರು ದೊಡ್ಡವರು. ಮಗುವೇ ಕಟ್ಟಬಹುದು, ಮಾಡಬಹುದು, ಕೆಡಿಸಿ ಮತ್ತೆ ಮಾಡಬಹುದು ಎಂಬ ವಿಚಾರ ಬರಲು ಇನ್ನೊಬ್ಬ ಕರಾವಳಿಯವರು ಬೇಕಾಯಿತು. ಅವರು ಮೇಷ್ಟರಲ್ಲ, ಕಾಲೇಜನ್ನೂ ಮುಗಿಸಿದವರಲ್ಲ.

ಗಾಂಧೀಜಿಯವರ ಅಸಹಕಾರದ ಕರೆಗೆ ಓದು ಬಿಟ್ಟು ಬಂದ ಕೋಟದ ಶಿವರಾಮ ಕಾರಂತರು ಪುತ್ತೂರಿಗೆ ಬಂದು ನಿಂತದ್ದರ ಹಿಂದೆ ವಕೀಲ ಮೊಳಹಳ್ಳಿ ಶಿವರಾಯರ ಒತ್ತಾಸೆ ಇತ್ತು. ಶಿವರಾಯರು ಜಿಲ್ಲೆಯ ಸಹಕಾರಿ ಚಳವಳಿಯ ಹಿರಿಯರು. ಸೊಸೈಟಿ, ಬ್ಯಾಂಕು ಕಟ್ಟಿದ ಮನುಷ್ಯನಿಗೆ ಊರಿಗೊಂದು ಹಬ್ಬವೂ ಬೇಕೆನಿಸಿತ್ತು. 1930ರ ದಶಕದಲ್ಲಿ ಇಬ್ಬರೂ ಸೇರಿ ಪುತ್ತೂರಿನಲ್ಲಿ ದಸರೆಯ ನಾಡಹಬ್ಬವನ್ನು ನಡೆಸಿದರು. ನಾಡಿನ ಸಾಹಿತಿಗಳು ಬಂದರು, ಭಾಷಣವಾಯಿತು, ನಾಟಕ ಕುಣಿತಗಳೂ ಆದವು. ಐಗಳ ಮಠದ ಮಕ್ಕಳು ಹೂವಿನ ಕೋಲು ಹಿಡಿದು ಹೊರಡುತ್ತಿದ್ದ ಅದೇ ನವರಾತ್ರಿಯಲ್ಲಿ ಈಗ ಮಕ್ಕಳು ರಂಗದ ಮೇಲೆ ಬಂದರು.

ಕಾರಂತರು ಪರ್ಲಡ್ಕದಲ್ಲಿ ಮಾಡಿಕೊಂಡ ನೆಲೆಗೆ ಬಾಲವನವೆಂದು ಹೆಸರಿಟ್ಟರು. ಮನೆ, ನಾಟ್ಯಕ್ಕೊಂದು ಅಂಗಣ, ಅಚ್ಚುಕೂಟ, ಸುತ್ತ ಮರಗಳು. ಅಲ್ಲಿ ಮಕ್ಕಳು ಕುಣಿದರು, ಹಾಡಿದರು, ಬಣ್ಣ ಬಳಿದರು. ‘ಮುಕ್ತದ್ವಾರ’, ‘ಕಿಸಾ ಗೌತಮಿ’ಯಂಥ ಗೀತನಾಟಕಗಳನ್ನು ಬರೆದ ಕಾರಂತರು ಹೆಜ್ಜೆ ಹೇಳಿಕೊಡಲು ತಾವೇ ಗೆಜ್ಜೆ ಕಟ್ಟಿ ನಿಲ್ಲುತ್ತಿದ್ದವರು. ಪ್ರತಿಷ್ಠಿತರ ಕಣ್ಣಿಗೆ ಇದು ಹುಚ್ಚಾಗಿ ಕಂಡದ್ದು ಸಹಜ. ಕಾರಂತರಿಗೂ ಅದರ ಬಗ್ಗೆ ತಕರಾರಿರಲಿಲ್ಲ, 1948ರಲ್ಲಿ ಬಂದ ಆತ್ಮಕತೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದೇ ಹೆಸರಿಟ್ಟರು.

ಕಾರಂತರ ದಾರಿಯಲ್ಲಿ ಎರಡು ಹೆಜ್ಜೆಗಳು ಜೊತೆಜೊತೆಗೆ ಬಿದ್ದವು. ಒಂದು ಕಡೆ ಕುಣಿತ, ಇನ್ನೊಂದು ಕಡೆ ಮಾಹಿತಿ. 1936ರ ಹೊತ್ತಿಗೆ ಬಂದ ‘ಬಾಲಪ್ರಪಂಚ’ದ ಮೂರು ಸಂಪುಟಗಳು ಕನ್ನಡದ ಮಕ್ಕಳಿಗೆ ಸಿಕ್ಕ ಮೊದಲ ದೊಡ್ಡ ವಿಶ್ವಕೋಶ. ನಕ್ಷತ್ರ, ಹುಳು, ಯಂತ್ರ, ದೇಶ ಎಲ್ಲವೂ ಅದರಲ್ಲಿವೆ, ಚಿತ್ರಗಳ ಸಮೇತ. ಒಬ್ಬನೇ ಮನುಷ್ಯ, ಒಂದು ಸಣ್ಣ ಊರಿನಲ್ಲಿ ಕುಳಿತು, ಕನ್ನಡದಲ್ಲಿ ಅದಕ್ಕೆ ಬೇಕಾದ ಮಾತನ್ನೂ ಹುಡುಕಿಕೊಂಡು ಬರೆದದ್ದು. ಪುಟಾಣಿಗಳಿಗೆ ‘ಓದುವ ಆಟ’ ಎಂಬ ಪ್ರವೇಶಿಕೆಯನ್ನೂ ಮಾಡಿದರು. ಓದುವುದು ಆಟವೇ ಎಂದು ಮುಖಪುಟದಲ್ಲೇ ಸಾರುವ ಪುಸ್ತಕ ಆ ಕಾಲಕ್ಕೆ ಸಣ್ಣ ಧೈರ್ಯವೇನಲ್ಲ. ಮಕ್ಕಳ ಸೃಜನಶೀಲತೆ ಎಂದೊಡನೆ ಬಣ್ಣದ ಡಬ್ಬಿ ತೆಗೆಯುವ ಇಂದಿನ ಉತ್ಸಾಹಿಗಳು ಈ ಜೋಡಿಯನ್ನು ಗಮನಿಸಬೇಕು. ತಲೆಯೊಳಗೆ ಸರಕಿಲ್ಲದ ಮಗುವಿಗೆ ಬಣ್ಣ ಕೊಟ್ಟರೆ ಅದು ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಮನೆ ಬರೆದು ಕೊಡುತ್ತದೆ. ಕಾರಂತರು ಸರಕನ್ನೂ ಕೊಟ್ಟರು.

ಬಾಲವನ ಮಾದರಿಯಾಯಿತು, ಶಾಲೆಯಾಗಿ ಬೇರೂರಲಿಲ್ಲ. ಪರೀಕ್ಷೆ, ಸರ್ಟಿಫಿಕೇಟು ಇಲ್ಲದ ಕಡೆ ಮಕ್ಕಳನ್ನು ಬಿಡಲು ಎಷ್ಟು ಮಂದಿ ತಂದೆತಾಯಿ ಒಪ್ಪಿಯಾರು? ಆ ಪ್ರಶ್ನೆ ಮುಂದೆ ಬಂದ ಪ್ರತಿಯೊಂದು ಪ್ರಯೋಗದ ಬೆನ್ನಿಗೂ ಬಿದ್ದಿದೆ.

ಇದೇ ಹೊತ್ತಿಗೆ, 1937ರ ಅಕ್ಟೋಬರಿನಲ್ಲಿ, ವಾರ್ಧಾದಲ್ಲಿ ಸೇರಿದ ಸಮ್ಮೇಳನದಿಂದ ಗಾಂಧೀಜಿಯವರ ನಯೀ ತಾಲೀಮ್ ಹೊರಟಿತು. ಕೈಕಸುಬಿನ ಮೂಲಕ ಎಲ್ಲ ವಿಷಯ ಕಲಿಯಬೇಕು ಎಂಬುದು ಅದರ ಮೂಲತತ್ತ್ವ. ವಿಚಾರ ದೊಡ್ಡದು. ಕರ್ನಾಟಕದ ಮೂಲಶಿಕ್ಷಣದ ಶಾಲೆಗಳಿಗೆ ಅದು ಬಂದು ತಲುಪುವ ಹೊತ್ತಿಗೆ ಮಕ್ಕಳ ಕೈಯಲ್ಲಿ ಉಳಿದದ್ದು ಹೆಚ್ಚಾಗಿ ತಕಲಿ. ಎಷ್ಟು ಲಡಿ ನೂತಿರಿ ಎಂಬ ಲೆಕ್ಕ ಬರೆಯುವುದು ಸುಲಭ, ನೂಲುತ್ತಾ ಮಗು ಏನು ಯೋಚಿಸಿತು ಎಂಬುದನ್ನು ಬರೆಯುವ ರಿಜಿಸ್ಟರು ಇಲಾಖೆಯಲ್ಲಿರಲಿಲ್ಲ. ಅತ್ತ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ‘ಸರಸ್ವತಿ’ ಪತ್ರಿಕೆಯ ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳ ಕೂಟ ತೆರೆದರು. ಅದೂ ಶಾಲೆಯ ಹೊರಗಿನ ಜಾಗವೇ.

ನಾಟಕದ ದಾರಿ ಮಾತ್ರ ಬೇರೆ. ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಮೂರನೆಯ ತರಗತಿಯ ಹುಡುಗನೊಬ್ಬ ಕುವೆಂಪು ಅವರ ‘ನನ್ನ ಗೋಪಾಲ’ ನಾಟಕದಲ್ಲಿ ಪಾತ್ರ ಮಾಡಿದ. ಶಾಲೆಯಲ್ಲಿ ಹತ್ತಿದ ಹುಚ್ಚು ಅವನನ್ನು ಮನೆ ಬಿಡಿಸಿ ಗುಬ್ಬಿ ವೀರಣ್ಣನವರ ಕಂಪನಿಗೆ ಮುಟ್ಟಿಸಿತು. ವೀರಣ್ಣನವರು ಓದಲೆಂದು ಕಾಶಿಗೆ ಕಳಿಸಿದರು, ಅಲ್ಲಿಂದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಆ ಹುಡುಗ ಬಿ.ವಿ. ಕಾರಂತ. ಕನ್ನಡ ಶಾಲೆಯ ವಾರ್ಷಿಕೋತ್ಸವದ ಒಂದು ಸಂಜೆ ಭಾರತೀಯ ರಂಗಭೂಮಿಗೆ ಏನು ಕೊಟ್ಟೀತು ಎಂದು ಕೇಳುವವರಿಗೆ ಇಷ್ಟು ಸಾಕು.

ದೆಹಲಿಯಲ್ಲಿ ಸರ್ದಾರ್ ಪಟೇಲ್ ವಿದ್ಯಾಲಯದ ಮಕ್ಕಳಿಗೆ ನಾಟಕ ಕಲಿಸಿದ ಕಾರಂತರು ಕನ್ನಡಕ್ಕೆ ಮಕ್ಕಳ ನಾಟಕಗಳ ಒಂದು ಸಾಲನ್ನೇ ತಂದರು: ‘ಪಂಜರಶಾಲೆ’, ‘ನೀಲಿಕುದುರೆ’, ‘ಹೆಡ್ಡಾಯಣ’. ‘ಪಂಜರಶಾಲೆ’ಯ ಬೀಜ ರವೀಂದ್ರನಾಥ ಠಾಕೂರರ ಗಿಳಿಯ ಕತೆ. ರಾಜನಿಗೆ ಗಿಳಿಯನ್ನು ವಿದ್ಯಾವಂತನನ್ನಾಗಿ ಮಾಡುವ ಆಸೆ. ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ನಕಲು ತೆಗೆಯುವವರು ಪುಸ್ತಕದ ಗುಡ್ಡೆ ಹಾಕುತ್ತಾರೆ, ಮೇಲ್ವಿಚಾರಕರು ಸಂಬಳ ಎಣಿಸುತ್ತಾರೆ. ಹಾಳೆಗಳನ್ನು ಗಿಳಿಯ ಗಂಟಲಿಗೆ ತುರುಕಲಾಗುತ್ತದೆ. ಕಡೆಗೆ ಗಿಳಿ ಸತ್ತಿರುತ್ತದೆ, ವಿದ್ಯಾಭ್ಯಾಸ ಮಾತ್ರ ಸಂಪೂರ್ಣ. 1901ರಲ್ಲೇ ಶಾಂತಿನಿಕೇತನದಲ್ಲಿ ಮರದಡಿಯ ಶಾಲೆ ತೆರೆದಿದ್ದ ಠಾಕೂರರು ಬರೆದ ಈ ಕಟುವಾದ ಕತೆಯನ್ನು ಕನ್ನಡದ ಮಕ್ಕಳು ಶಾಲೆಯ ರಂಗದ ಮೇಲೆ ಆಡಿದರು. ಮುಂದಿನ ಸಾಲಿನಲ್ಲಿ ಕುಳಿತ ಮುಖ್ಯೋಪಾಧ್ಯಾಯರೂ ಪೋಷಕರೂ ನಕ್ಕು ಚಪ್ಪಾಳೆ ತಟ್ಟಿ, ಮರುದಿನ ಮಕ್ಕಳನ್ನು ಟ್ಯೂಷನ್ನಿಗೆ ಕಳಿಸಿದರು. ವಿಡಂಬನೆಗೆ ಇದಕ್ಕಿಂತ ದೊಡ್ಡ ಯಶಸ್ಸೂ ಇಲ್ಲ, ಸೋಲೂ ಇಲ್ಲ.

ಕಾರಂತರ ತಾಲೀಮಿನ ವಿಶೇಷ ಸಂಗೀತದಲ್ಲಿತ್ತು. ಹಾರ್ಮೋನಿಯಂ ಬರುವವರೆಗೆ ಕಾಯಬೇಕಿಲ್ಲ. ಎರಡು ಕಲ್ಲು, ಬಿದಿರಿನ ತುಂಡು, ಡಬ್ಬ, ಬಾಯಿಯಿಂದ ಹೊರಡಬಲ್ಲ ಯಾವ ಸದ್ದಾದರೂ ನಡೆಯುತ್ತಿತ್ತು. ಮಳೆ ಬೇಕಾದರೆ ಮಕ್ಕಳೇ ಬೆರಳು ಚಿಟಿಕೆ ಹೊಡೆದು ತೊಡೆ ತಟ್ಟಿ ಮಳೆ ತರಿಸಬೇಕು. ಇಲ್ಲಿ ಮಗು ಬರೆದುಕೊಟ್ಟ ಹಾಡಿನ ಜೊತೆಗೆ ತನ್ನದೂ ಒಂದಷ್ಟು ಸೇರಿಸಿತು. ಅವರ ಮಡದಿ ಪ್ರೇಮಾ ಕಾರಂತರು 1979ರಲ್ಲಿ ಬೆನಕ ಮಕ್ಕಳ ಕೇಂದ್ರ ಕಟ್ಟಿ ಬೆಂಗಳೂರಿನಲ್ಲಿ ಇದನ್ನೇ ವರ್ಷಗಟ್ಟಲೆ ಮಾಡಿದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಹುಟ್ಟಿತು. ಅದರ ಬೇಸಿಗೆಯ ‘ಚಿಣ್ಣರ ಮೇಳ’ಕ್ಕೆ ಮಕ್ಕಳನ್ನು ಸೇರಿಸಲು ಪೋಷಕರು ಮುಂಜಾನೆಯೇ ಸಾಲು ನಿಲ್ಲುವಂತಾಯಿತು. ಶರಾವತಿಯ ಹಿನ್ನೀರಿನಾಚೆ, ಲಾಂಚಿನಲ್ಲಿ ದಾಟಿ ಹೋಗಬೇಕಾಗಿದ್ದ ತುಮರಿಯಲ್ಲಿ ಕಿನ್ನರ ಮೇಳ ಹುಟ್ಟಿ ಶಾಲೆ ಶಾಲೆಗೆ ನಾಟಕ ಹೊತ್ತು ತಿರುಗಿತು. ವೈದೇಹಿಯವರು ಮಕ್ಕಳಿಗಾಗಿ ಸಾಲು ಸಾಲು ನಾಟಕ ಬರೆದರು. ಅವುಗಳಲ್ಲಿ ಒಂದರ ಹೆಸರೇ ‘ಗೊಂಬೆ ಮ್ಯಾಕ್‌ಬೆತ್’.

ಕೋಟದ ಕಡೆ 1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪ, ಎಚ್. ಶ್ರೀಧರ ಹಂದೆ ಸೇರಿ ಸಾಲಿಗ್ರಾಮ ಮಕ್ಕಳ ಮೇಳವನ್ನು ಕಟ್ಟಿದರು. ಶಾಲೆಗೆ ಹೋಗುವ ಹುಡುಗರು ಕೇದಗೆ ಮುಂದಲೆ ಕಟ್ಟಿ, ತಮ್ಮ ಎತ್ತರಕ್ಕೆ ಕೊಂಚ ಹೆಚ್ಚೇ ಎನಿಸುವ ವೇಷದಲ್ಲಿ ಚೆಂಡೆಯ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಹಾಕುವುದನ್ನು ನೋಡಿ ವೃತ್ತಿಮೇಳದವರೇ ತಲೆದೂಗಿದರು. ಯಕ್ಷಗಾನದ ಒಂದು ಗುಣವನ್ನು ಇಲ್ಲಿ ಹೇಳಬೇಕು. ಅದರಲ್ಲಿ ಹಾಡಷ್ಟೇ ಬರೆದದ್ದು. ಮಾತು ವೇಷಧಾರಿಯದು, ರಂಗದ ಮೇಲೆ ಆ ಕ್ಷಣಕ್ಕೆ ಹುಟ್ಟಬೇಕಾದದ್ದು. ಎದುರಾಳಿ ಎಸೆದ ಮಾತಿಗೆ ಅಲ್ಲೇ ಉತ್ತರ ಕಟ್ಟಬೇಕು. ಶಾಲೆಯಲ್ಲಿ ಕಲಿಸಬಹುದಾದ ಸೃಷ್ಟಿಶೀಲ ಕಲೆ ಇದಕ್ಕಿಂತ ಬೇರೆ ಬೇಕೆ? ಆದರೆ ಮಕ್ಕಳ ಪ್ರದರ್ಶನಗಳಲ್ಲಿ ಸಾಮಾನ್ಯವಾಗಿ ಗುರುಗಳು ಅರ್ಥವನ್ನೂ ಬರೆದುಕೊಟ್ಟು ಬಾಯಿಪಾಠ ಮಾಡಿಸುತ್ತಾರೆ. ಮಗು ತಡವರಿಸಿದರೆ ಸಭೆಯೆದುರು ಮರ್ಯಾದೆ ಹೋಗುತ್ತದಲ್ಲ. ಉಡುಪಿಯಲ್ಲಿ ಈಗ ಯಕ್ಷಶಿಕ್ಷಣ ಟ್ರಸ್ಟಿನ ಮೂಲಕ ಎಷ್ಟೋ ಪ್ರೌಢಶಾಲೆಗಳಿಗೆ ಯಕ್ಷಗಾನ ತಲುಪಿದೆ, ಹುಡುಗಿಯರೂ ಗೆಜ್ಜೆ ಕಟ್ಟಿದ್ದಾರೆ. ಎರಡನೆಯದು ಹಳೆಯ ಮೇಳಗಳಲ್ಲಿ ಕನಸಿಗೂ ಬಾರದ ಮಾತಾಗಿತ್ತು.

ಇಷ್ಟೆಲ್ಲವೂ ಸಂಜೆಯ, ರಜೆಯ, ಹಬ್ಬದ ಕೆಲಸ. ಬೆಳಗಿನ ಹತ್ತರಿಂದ ಸಂಜೆ ನಾಲ್ಕರವರೆಗಿನ ತರಗತಿಯನ್ನೇ ಮುಟ್ಟಲು ಹೊರಟ ಪ್ರಯೋಗ ಕೋಲಾರ ಜಿಲ್ಲೆಯ ಗಡಿಯಲ್ಲಿ, ರಾಯಲ್ಪಾಡಿನ ಹತ್ತಿರ ಮೊಳೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದು ಇಲ್ಲಿಯೇ ನೆಲೆನಿಂತ ಇಂಗ್ಲೆಂಡಿನವರಾದ ಡೇವಿಡ್ ಹಾರ್ಸ್‌ಬರೋ ಋಷಿವ್ಯಾಲಿ ಶಾಲೆಯಲ್ಲಿ ಪಾಠ ಹೇಳಿದ್ದವರು, ಪಠ್ಯಪುಸ್ತಕ ಬರೆದವರು. 1972ರಲ್ಲಿ ಅವರು ನೀಲ್‌ಬಾಗ್ ಎಂಬ ಪುಟ್ಟ ಶಾಲೆ ತೆರೆದರು. ಬಂದವರು ಸುತ್ತಲಿನ ಹಳ್ಳಿಯ ಮಕ್ಕಳು. ಪರೀಕ್ಷೆಯಿಲ್ಲ, ರ್‍ಯಾಂಕಿಲ್ಲ, ಬಹುಮಾನವಿಲ್ಲ, ಶಿಕ್ಷೆಯಿಲ್ಲ, ವಯಸ್ಸಿನ ಪ್ರಕಾರ ತರಗತಿಯೂ ಇಲ್ಲ. ಗಣಿತ ಕಲಿಯುವ ಮಗುವೇ ಉಳಿ ಹಿಡಿದು ಮರಗೆಲಸ ಮಾಡುತ್ತಿತ್ತು, ಮಡಕೆ ತಿರುಗಿಸುತ್ತಿತ್ತು, ಹಾಡುತ್ತಿತ್ತು. ಹಾರ್ಸ್‌ಬರೋ 1984ರಲ್ಲಿ ತೀರಿಕೊಂಡರು. ಶಾಲೆ ಅವರ ನಂತರ ಬಹಳ ಕಾಲ ಬಾಳಲಿಲ್ಲ, ಆದರೆ ಅಲ್ಲಿ ತರಬೇತಾದವರು ಬೇರೆ ಬೇರೆ ಕಡೆ ಶಾಲೆ ತೆರೆದರು. ಗಡಿಯಾಚೆ ಮದನಪಲ್ಲಿಯ ಬಳಿ ಋಷಿವ್ಯಾಲಿಯವರು ಸುತ್ತಲಿನ ಬಡ ಹಳ್ಳಿಗಳಲ್ಲಿ ಏಕೋಪಾಧ್ಯಾಯ ಶಾಲೆಗಳನ್ನು ನಡೆಸುವಾಗ ಈ ವಿಚಾರಗಳ ಛಾಯೆ ಅಲ್ಲೂ ಬಿತ್ತು. ಒಬ್ಬನೇ ಮೇಷ್ಟ್ರು, ಹಲವು ವಯಸ್ಸಿನ ಮಕ್ಕಳು. ಪಾಠವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು ಪ್ರತಿ ಮಗುವೂ ತನ್ನ ವೇಗಕ್ಕೆ ಏರುವ ಏಣಿಯನ್ನು ಅವರು ಕಟ್ಟಿದರು.

ಆ ಏಣಿಯನ್ನು ನೋಡಿ ಬರಲು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಿಂದ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರ ತಂಡವೊಂದು ಹೊರಟಿತು. ಕೋಟೆ ಕಬಿನಿಯ ಹಿನ್ನೀರು, ಕಾಡು, ಜೇನುಕುರುಬರ ಹಾಡಿಗಳ ತಾಲ್ಲೂಕು. ಶಾಲೆಗೆ ಸೇರಿದ ಮಗು ಮೂರು ತಿಂಗಳಿಗೆ ಮಾಯವಾಗುವುದು ಅಲ್ಲಿ ಮಾಮೂಲು. ಜೇನಿನ ಕಾಲಕ್ಕೆ ಕಾಡಿಗೆ, ಕೆಲಸದ ಕಾಲಕ್ಕೆ ಕೊಡಗಿನ ತೋಟಕ್ಕೆ ಮನೆಯವರ ಜೊತೆ ಹೋದ ಮಗು ವಾಪಸು ಬರುವಾಗ ಪಾಠ ಎಲ್ಲೋ ಮುಂದೆ ಹೋಗಿರುತ್ತಿತ್ತು. ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದಾದ ಏಣಿ ಅಂಥ ಊರಿಗೇ ಹೇಳಿ ಮಾಡಿಸಿದಂತಿತ್ತು. ಯುನಿಸೆಫ್ ನೆರವು ಕೊಟ್ಟಿತು. ಊರಿಗೆ ಮರಳಿದ ಶಿಕ್ಷಕರು ತಾವೇ ಕುಳಿತು ಕಾರ್ಡು ಬರೆದರು, ಹಾಡು ಕಟ್ಟಿದರು, ಸೋಲಿಗರ, ಕುರುಬರ ಕತೆಗಳನ್ನು ಪಾಠಕ್ಕೆ ಸೇರಿಸಬಹುದೇ ಎಂದು ಚರ್ಚಿಸಿದರು. ಹೆಸರು: ನಲಿ-ಕಲಿ.

ನಲಿ-ಕಲಿ ಕೋಣೆಯ ಒಳಹೊಕ್ಕರೆ ಮೊದಲು ಕಾಣುವುದು ತಲೆಯ ಮೇಲಿನ ದಾರಗಳು. ಗೋಡೆಯಿಂದ ಗೋಡೆಗೆ ಎಳೆದ ಆ ದಾರಗಳಿಗೆ ಕಲಿಕಾ ಚಪ್ಪರ ಎನ್ನುತ್ತಾರೆ. ಮಕ್ಕಳು ಬರೆದ ಚಿತ್ರ, ಮಡಚಿದ ಕಾಗದದ ಹಕ್ಕಿ, ಅಂಟಿಸಿದ ಎಲೆ ಎಲ್ಲ ಅದರಿಂದ ಇಳಿಬಿದ್ದಿರುತ್ತವೆ. ಗೋಡೆಯ ಕೆಳಭಾಗಕ್ಕೆ, ಮಗುವಿನ ಕೈ ನಿಲುಕುವ ಎತ್ತರಕ್ಕೆ, ಸುತ್ತಲೂ ಕಪ್ಪು ಬಳಿದು ಪ್ರತಿ ಮಗುವಿಗೂ ಒಂದೊಂದು ಪಾಲು. ಆ ಗೋಡೆಹಲಗೆಯ ಮೇಲೆ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ನೆಲದ ಮೇಲೆ ಐದು ತಟ್ಟೆಗಳು, ಅಂದರೆ ಐದು ಗುಂಪು. ಒಂದರಲ್ಲಿ ಶಿಕ್ಷಕಿ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಸ್ವಲ್ಪ, ಮತ್ತೆರಡರಲ್ಲಿ ಗೆಳೆಯರ ಸಹಾಯ, ಕೊನೆಯದರಲ್ಲಿ ಮಗು ಒಂಟಿಯಾಗಿ ಕಲಿಯುತ್ತದೆ. ಕಾರ್ಡಿನ ಮೂಲೆಯ ಗುರುತಿನ ಚಿತ್ರ ನೋಡಿಕೊಂಡು ಮಗು ತನ್ನ ತಟ್ಟೆಗೆ ತಾನೇ ಹೋಗಿ ಕೂರುತ್ತದೆ. ಬೆಳಗ್ಗೆ ಬಂದು ಆಕಾಶ ನೋಡಿ, ಬಿಸಿಲೋ ಮೋಡವೋ ಎಂದು ಹವಾಮಾನ ನಕ್ಷೆಯಲ್ಲಿ ಗುರುತು ಹಾಕುವುದೂ ಮಕ್ಕಳ ಕೆಲಸ.

ಅಜ್ಜಂದಿರನ್ನು ಕಂಗೆಡಿಸಿದ್ದು ಅಕ್ಷರಗಳ ಕ್ರಮ. ಅ ಆ ಇ ಈ ಎಲ್ಲಿ? ನಲಿ-ಕಲಿಯ ಮಗು ಮೊದಲು ಕಲಿಯುವುದು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಮೊದಲ ಐದು ಅಕ್ಷರ ಕೈಗೆ ಬಂದ ಕೂಡಲೇ ಮಗು ಸರ, ರಸ, ಅರಸ, ಅಗಸ, ಗರಗಸ ಎಂದು ಬರೆಯಬಲ್ಲದು. ಇಡೀ ವರ್ಣಮಾಲೆ ಮುಗಿಯುವವರೆಗೆ ಕಾದು ಕೂತಿರುತ್ತಿದ್ದ ಮಗು ಈಗ ಕೆಲವೇ ದಿನಗಳಲ್ಲಿ ಶಬ್ದ ಕಟ್ಟುತ್ತದೆ, ಅಗಸನ ಪಕ್ಕ ಅರಸನನ್ನು ನಿಲ್ಲಿಸುತ್ತದೆ. ಪಂಜೆಯವರ ಇಲಿಗಳಿಂದ ಇಲ್ಲಿಯವರೆಗೆ ಬಂದ ದಾರಿಯಲ್ಲಿ ಇದು ದೊಡ್ಡ ತಿರುವು. ಕಟ್ಟುವ ಕೆಲಸ ಮಗುವಿನ ಪಾಲಿಗೆ ಬಂದದ್ದು, ಅದೂ ಸರ್ಕಾರಿ ಶಾಲೆಯ ಒಂದನೆಯ ತರಗತಿಯ ವೇಳಾಪಟ್ಟಿಯಲ್ಲೇ ಬಂದದ್ದು, ಇಲ್ಲಿಯೇ ಮೊದಲು.

2009-10ರಲ್ಲಿ ಸರ್ಕಾರ ನಲಿ-ಕಲಿಯನ್ನು ರಾಜ್ಯದ ಎಲ್ಲ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಒಂದು, ಎರಡನೆಯ ತರಗತಿಗಳಿಗೆ ತಂದಿತು, ಮುಂದೆ ಮೂರಕ್ಕೂ. ಕೋಟೆಯ ಶಿಕ್ಷಕರು ಕೈಯಾರೆ ಬರೆದುಕೊಂಡಿದ್ದ ಕಾರ್ಡುಗಳು ಈಗ ಅಚ್ಚಾಗಿ, ಕಟ್ಟು ಕಟ್ಟಾಗಿ ಬಂದವು. ಬೀದರಿನ ಮಗುವಿಗೂ ಚಾಮರಾಜನಗರದ ಮಗುವಿಗೂ ಒಂದೇ ಕಾರ್ಡು. ಮೊದಲಿನವರು ಕಾರ್ಡು ಬರೆಯುತ್ತ ಬರೆಯುತ್ತಲೇ ಈ ವಿಧಾನವನ್ನು ತಮ್ಮದಾಗಿಸಿಕೊಂಡಿದ್ದರು. ಆಮೇಲಿನವರಿಗೆ ಸಿಕ್ಕಿದ್ದು ಕೆಲವು ದಿನದ ತರಬೇತಿ, ಕೈಪಿಡಿ ಮತ್ತು ಪ್ರಗತಿ ನೋಟ ತುಂಬುವ ಕೆಲಸ. ಕಾರ್ಡು ಹರಿದರೆ, ಕಳೆದರೆ ಹೊಸದು ಬರುವವರೆಗೆ ಕಾಯುವವರಿದ್ದಾರೆ. ಲಗ್ನಪತ್ರಿಕೆಯ ಹಿಂಬದಿಯಲ್ಲಿ ತಾವೇ ಬರೆದು ಮಾಡಿಕೊಳ್ಳುವವರೂ ಇದ್ದಾರೆ. ಇವರಿಬ್ಬರ ತರಗತಿಗಳು ಒಂದೇ ವಿಧಾನದವು ಎಂದು ದಾಖಲೆ ಹೇಳುತ್ತದೆ, ಕೋಣೆಗೆ ಕಾಲಿಟ್ಟರೆ ಹಾಗೆನಿಸುವುದಿಲ್ಲ.

ಶಾಲಾ ಮಕ್ಕಳ ಪ್ರತಿಭೆಗಾಗಿ ಸರ್ಕಾರ ಇನ್ನೊಂದು ದಾರಿಯನ್ನೂ ಹಿಡಿದಿದೆ. ಈ ಶತಮಾನದ ಆರಂಭದಲ್ಲಿ ಶುರುವಾದ ಪ್ರತಿಭಾ ಕಾರಂಜಿಯಲ್ಲಿ ಮಕ್ಕಳು ಕ್ಲಸ್ಟರಿನಿಂದ ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಏರುತ್ತಾರೆ. ಕಂಠಪಾಠ, ಛದ್ಮವೇಷ, ಆಶುಭಾಷಣ, ಮಿಮಿಕ್ರಿ, ರಂಗೋಲಿ, ಮಣ್ಣಿನ ಮಾದರಿ, ಕವ್ವಾಲಿ. ಹಳ್ಳಿಯ ಎಷ್ಟೋ ಮಕ್ಕಳು ಮೊದಲ ಸಲ ಮೈಕು ಹಿಡಿದದ್ದು ಇಲ್ಲಿಯೇ, ಅದನ್ನು ಕಡೆಗಣಿಸುವಂತಿಲ್ಲ. ಆದರೆ ಪಟ್ಟಿಯ ಮೊದಲಿಗೇ ಕಂಠಪಾಠ ಕುಳಿತಿರುವುದನ್ನು ನೋಡಿದರೆ ಐಗಳು ನಕ್ಕಾರು. ಛದ್ಮವೇಷದ ಮಗುವಿಗೆ ವೇಷ ಕಟ್ಟುವವರು ಅಪ್ಪ ಅಮ್ಮ, ಭಾಷಣ ಬರೆಯುವವರು ಮೇಷ್ಟ್ರು, ಗೆದ್ದರೆ ಫೋಟೋ ಬ್ಯಾನರಿಗೆ. ಸೋತ ಮಗು ಮುಂದಿನ ವರ್ಷ ಹೆಸರು ಕೊಡುವುದಿಲ್ಲ. ನೀಲ್‌ಬಾಗಿನಲ್ಲಿ ಬಹುಮಾನವನ್ನೇ ತೆಗೆದುಹಾಕಿದ್ದು ಈ ಕಾರಣಕ್ಕೇ.

ಈಚೆಗೆ ನಲಿ-ಕಲಿ ಸಾಕು, ಹಳೆಯ ಪುಸ್ತಕವೇ ಬರಲಿ ಎಂಬ ದನಿ ಎದ್ದಿದೆ. ಪಕ್ಕದ ಕಾನ್ವೆಂಟಿನ ಮಗು ಮೊದಲ ವರ್ಷವೇ ನೋಟ್‌ಬುಕ್ ತುಂಬ ಬರೆಯುತ್ತದೆ, ನಮ್ಮ ಮಗು ನೆಲದ ಮೇಲೆ ಆಡುತ್ತದೆ ಎಂಬುದು ಪೋಷಕರ ದೂರು. ಮೂರು ತರಗತಿಗೆ ಒಬ್ಬರೇ ಇದ್ದೇವೆ, ಕಾರ್ಡು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ ಎಂಬುದು ಹಲವು ಶಿಕ್ಷಕರ ದೂರು. ಎರಡರಲ್ಲೂ ಸತ್ಯವಿದೆ. ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದ ಮೇಲೆ ಅಲ್ಲಿ ಯಾವ ಕಾರ್ಡು, ಯಾವ ಹಾಡು ಎಂಬ ಹೊಸ ತೊಡಕೂ ಸೇರಿಕೊಂಡಿದೆ. ಪುತ್ತೂರಿನ ಕಾರಂತರನ್ನು ಕಾಡಿದ ತಂದೆತಾಯಿಯ ಪ್ರಶ್ನೆಯೇ ಇದು, ಭಾಷೆ ಮಾತ್ರ ಬದಲಾಗಿದೆ.

ಮೂರನೆಯ ತರಗತಿ ಮುಗಿಸಿದ ಮಗು ಜೂನಿನಲ್ಲಿ ಪಕ್ಕದ ಕೋಣೆಗೆ ಹೋಗುತ್ತದೆ. ಅಲ್ಲಿ ಬೆಂಚುಗಳೆಲ್ಲ ಒಂದೇ ದಿಕ್ಕಿಗೆ ತಿರುಗಿವೆ, ಕರಿಹಲಗೆ ದೊಡ್ಡವರ ಎತ್ತರಕ್ಕಿದೆ, ಚಪ್ಪರವಿಲ್ಲ. ಚಿತ್ರಕಲೆಯ ಶಿಕ್ಷಕರನ್ನು ಕಾಣಬೇಕಾದರೆ ಹೆಚ್ಚಿನ ಮಕ್ಕಳು ಪ್ರೌಢಶಾಲೆಯವರೆಗೆ ಕಾಯಬೇಕು, ಅಲ್ಲಿ ಆ ಹುದ್ದೆ ಖಾಲಿ ಇರದಿದ್ದರೆ. ನಡುವಿನ ನಾಲ್ಕು ವರ್ಷ ಮಗುವಿನ ಕೈಗೆ ಬಣ್ಣವೋ ಜೇಡಿಮಣ್ಣೋ ಸಿಗುವುದು ಆಯಾ ಶಾಲೆಯ ಮೇಷ್ಟರ ಆಸಕ್ತಿಗೆ ಬಿಟ್ಟದ್ದು. ಕೆಲವೆಡೆ ಶನಿವಾರದ ಬೆಳಗ್ಗೆ ಗೋಡೆಪತ್ರಿಕೆ ಬರೆಸುವವರಿದ್ದಾರೆ. ನಾಟಕ ಕಲಿತು ಬಂದು ವಿಜ್ಞಾನದ ಪಾಠವನ್ನೇ ಆಡಿಸುವವರಿದ್ದಾರೆ. ವರ್ಗವಾದಾಗ ತಮ್ಮ ಕಾರ್ಡಿನ ಕಟ್ಟನ್ನು ಹೊಸ ಊರಿಗೆ ಹೊತ್ತೊಯ್ಯುವವರೂ ಇದ್ದಾರೆ. ಆ ಕಟ್ಟಿನ ಲೆಕ್ಕ ಶಾಲೆಯ ದಾಸ್ತಾನು ಪುಸ್ತಕದಲ್ಲಿ ಇರುವುದಿಲ್ಲ, ಹಾಗಾಗಿ ಹಳೆಯ ಶಾಲೆಯವರು ಕೇಳುವುದೂ ಇಲ್ಲ.